ಕಲ್ಲುಗುಡ್ಡದ ಮೇಲೆ ಬಿಡುವಿನ ಮನೆ

ಸಂಸಾರಕ್ಕಾಗಿ ಕಟ್ಟುವ ಮನೆ ಬೇರೆ, ವಿಶ್ರಾಂತಿಗೆಂದು ಕಟ್ಟುವ ಮನೆ ಬೇರೆ. ಮೊದಲನೆಯದಕ್ಕೆ ನಿತ್ಯಜೀವನದ ನೂರಾರು ಅಗತ್ಯಗಳೇ ಅಳತೆಗೋಲು. ಎರಡನೆಯದರಲ್ಲಿ ಅಗತ್ಯಗಳು ಕಡಿಮೆ. ಆದ್ದರಿಂದಲೇ ಅಲ್ಲಿ ಆಡಂಬರವು ಸುಲಭವಾಗಿ ನುಸುಳುತ್ತದೆ. ಮೆಡಿಟರೇನಿಯನ್ ಸಮುದ್ರದ ತೀರದಲ್ಲಿ ಬೆಟ್ಟವನ್ನು ಕಡಿದು, ಸಮುದ್ರದ ನೋಟಕ್ಕಾಗಿ ಗಾಜಿನ ಗೋಡೆಗಳನ್ನೆತ್ತಿ ನಿಲ್ಲಿಸಿದ ಬಿಡುವಿನ ಮನೆಗಳಿಗೆ ಕೊರತೆಯಿಲ್ಲ. ಇವುಗಳ ನಡುವೆ ಸ್ಪೇನ್ ದೇಶಕ್ಕೆ ಸೇರಿದ ಮಯೋರ್ಕಾ ದ್ವೀಪದಲ್ಲಿ ಒಬ್ಬರೇ ವಾಸ್ತುಶಿಲ್ಪಿ ತಮಗಾಗಿ ಕಟ್ಟಿಕೊಂಡ ಎರಡು ಮನೆಗಳು ಬೇರೆಯೇ ಆದ ವಿವೇಕವನ್ನು ತೋರಿಸುತ್ತವೆ.

ಕೈತಪ್ಪಿದ ಮಹಾಕೃತಿ

ಆ ಶಿಲ್ಪಿ ಡೆನ್ಮಾರ್ಕಿನ ಯೋರ್ನ್ ಉಟ್ಸನ್ (1918–2008). ಆಸ್ಟ್ರೇಲಿಯದ ಸಿಡ್ನಿ ನಗರದ ಒಪೆರಾ ಹೌಸ್ ಕಟ್ಟಡದ ವಿನ್ಯಾಸಕ್ಕಾಗಿ ನಡೆದ ಸ್ಪರ್ಧೆಯಲ್ಲಿ 1957ರಲ್ಲಿ ಗೆದ್ದವರು ಇವರೇ. ಆದರೆ ಖರ್ಚುವೆಚ್ಚದ ವಿವಾದ ಬೆಳೆದು, ಸರಕಾರದೊಡನೆ ಮನಸ್ತಾಪ ಉಂಟಾಗಿ, 1966ರಲ್ಲಿ ಕೆಲಸವನ್ನು ಅರ್ಧಕ್ಕೇ ಬಿಟ್ಟು ಅವರು ಹೊರಟುಬಂದರು. 1973ರಲ್ಲಿ ಆ ಕಟ್ಟಡ ಉದ್ಘಾಟನೆಯಾಯಿತು. 2007ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಅದನ್ನು ಕಲ್ಪಿಸಿದವರು ಮಾತ್ರ ಪೂರ್ಣಗೊಂಡ ರೂಪದಲ್ಲಿ ಅದನ್ನು ಕಣ್ಣಾರೆ ಕಾಣಲಿಲ್ಲ. ಸಿಡ್ನಿಯ ಬಳಿ ಬೇವ್ಯೂ ಎಂಬಲ್ಲಿ ಸ್ವಂತಕ್ಕೆಂದು ಅವರು ಯೋಜಿಸಿದ್ದ ಮನೆಯೂ ಕಾಗದದ ಮೇಲೆಯೇ ಉಳಿಯಿತು.

ಇಂತಹ ಆಘಾತದ ಅನಂತರ ಅವರು 1970ರ ದಶಕದ ಮೊದಲ ವರ್ಷಗಳಲ್ಲಿ, ಮಯೋರ್ಕಾದ ಆಗ್ನೇಯ ಅಂಚಿನ ಪೋರ್ಟೊ ಪೆತ್ರೊ ಊರಿನ ಬಳಿ, ಕಡಿದಾದ ಬಂಡೆಯ ಅಂಚಿನಲ್ಲಿ ಒಂದು ಮನೆ ಕಟ್ಟಿದರು. ಪತ್ನಿಯ ಹೆಸರಿನಿಂದ ಅದಕ್ಕೆ ‘ಕಾನ್ ಲಿಸ್’ ಎಂದು ಹೆಸರಿಟ್ಟರು. ಲಿಸ್ ಅವರ ಮನೆ ಎಂದರ್ಥ.

ನೆಲದ ಕಲ್ಲೇ ಗೋಡೆ

ಈ ಮನೆಗೆ ಅವರು ಆರಿಸಿಕೊಂಡದ್ದು ದ್ವೀಪದಲ್ಲಿಯೇ ದೊರೆಯುವ ‘ಮರೆಸ್’ ಎಂಬ ಹೊಂಬಣ್ಣದ ಮೃದುವಾದ ಕಲ್ಲನ್ನು. ಅಲ್ಲಿನ ರೈತರ ಮನೆಗಳೂ ಕೊಟ್ಟಿಗೆಗಳೂ ಈ ಕಲ್ಲಿನವೇ. ಗಣಿಯಲ್ಲಿ ಗರಗಸದಿಂದ ಕೊಯ್ದು ತಂದ ದಿಮ್ಮಿಗಳನ್ನು ಅವರು ನುಣುಪು ಮಾಡಿಸಲಿಲ್ಲ. ಗರಗಸದ ಗೆರೆಗಳು ಗೋಡೆಯ ಮೇಲೆ ಹಾಗೆಯೇ ಉಳಿದಿವೆ. ಚಾವಣಿಗೆ ಅಲ್ಲಿನ ಸಾಮಾನ್ಯ ಕಟ್ಟಡಗಳಲ್ಲಿ ಬಳಸುವ ಕಾಂಕ್ರೀಟಿನ ತೊಲೆಗಳು, ಅವುಗಳ ನಡುವೆ ಬಾಗಿದ ಸುಟ್ಟಮಣ್ಣಿನ ಬಿಲ್ಲೆಗಳು. ಸ್ಥಳೀಯ ಗಾರೆಯವರಿಗೆ ತಿಳಿದ ಕೆಲಸವನ್ನೇ ಆಧರಿಸಿ ವಿನ್ಯಾಸ ಬೆಳೆಯಿತು. ಜಗತ್ತೇ ಬೆರಗಾದ ಚಿಪ್ಪಿನಾಕಾರದ ಚಾವಣಿಗಳನ್ನು ಕಲ್ಪಿಸಿದವರು ಇಲ್ಲಿ ಸರಳರೇಖೆಗಳಲ್ಲಿಯೇ ತೃಪ್ತರಾದರು. ಈ ಸರಳತೆ ಬಡತನದಿಂದ ಬಂದುದಲ್ಲ. ಪ್ರೌಢವಾದ ಅರಿವಿನಿಂದ ಬಂದುದು.

ಇಡೀ ಮನೆಯನ್ನು ಒಂದೇ ಸೂರಿನಡಿ ತರುವ ಹಟವನ್ನೂ ಅವರು ಬಿಟ್ಟರು. ಅಡುಗೆ ಮತ್ತು ಊಟಕ್ಕೊಂದು, ಕುಳಿತುಕೊಳ್ಳಲೊಂದು, ಮಲಗಲು ಬೇರೆ, ಹೀಗೆ ಬಿಡಿಬಿಡಿಯಾದ ಕಟ್ಟಡಗಳು ಬಂಡೆಯ ಅಂಚಿನುದ್ದಕ್ಕೂ ಸಾಲಾಗಿವೆ. ಪ್ರತಿಯೊಂದೂ ನೆಲದ ಓರೆಯನ್ನನುಸರಿಸಿ ಸ್ವಲ್ಪ ಸ್ವಲ್ಪ ತಿರುಗಿ ನಿಂತಿದೆ; ನಡುವೆ ಅಂಗಳಗಳಿವೆ. ಬೇಸಗೆಯಲ್ಲಿ ಮಳೆ ಬಹಳ ಕಡಿಮೆಯಿರುವ ಆ ನಾಡಿನಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಬಯಲಿನಲ್ಲಿ ನಡೆದುಹೋಗುವುದು ಕಷ್ಟವೆನಿಸದೆ ಸುಖವೆನಿಸುತ್ತದೆ.

ಕಟ್ಟಡಕ್ಕೆ ವಿಶಾಲವಾದ ಜಗಲಿಯೇ ಬೆನ್ನೆಲುಬು ಎಂಬುದು ಉಟ್ಸನ್ ಅವರ ಹಳೆಯ ವಿಚಾರ. 1962ರಲ್ಲಿ ಈ ಕುರಿತು ಬರೆದ ಲೇಖನದಲ್ಲಿ ಅವರು ಮೆಕ್ಸಿಕೊದ ಪ್ರಾಚೀನ ವೇದಿಕೆಗಳೊಡನೆ ದೆಹಲಿಯ ಜಾಮಾ ಮಸೀದಿಯನ್ನೂ ನೆನೆದಿದ್ದರು. ಭಾರತೀಯರಾದ ನಮಗೆ ಇದು ಗಮನಾರ್ಹ.

ಬೆಳಕಿಗೂ ಮಿತಿ

ಸಮುದ್ರ ಎದುರಿಗೇ ಇರುವಾಗ ದೊಡ್ಡ ಕಿಟಕಿಯನ್ನು ತೆರೆಯುವುದು ಸಹಜ. ಉಟ್ಸನ್ ಅವರು ಕಿಟಕಿಗಳನ್ನು ಗುಹೆಯ ಬಾಯಿಗಳಂತೆ ಆಳವಾದ ಕಲ್ಲಿನ ಗೂಡುಗಳೊಳಗೆ ಇಟ್ಟರು. ಗಾಜಿನ ಚೌಕಟ್ಟನ್ನು ಗೋಡೆಯ ಹೊರಮೈಗೆ ಕೂರಿಸಿದ್ದರಿಂದ ಒಳಗೆ ಕುಳಿತವರಿಗೆ ಅದು ಕಾಣುವುದೇ ಇಲ್ಲ. ಕಲ್ಲು, ಕಡಲು, ಆಕಾಶ ಇವಿಷ್ಟೇ ಕಾಣುತ್ತವೆ. ಕುಳಿತುಕೊಳ್ಳುವ ಎತ್ತರದ ಕೋಣೆಯ ಪಶ್ಚಿಮದ ಗೋಡೆಯಲ್ಲಿ, ಮೇಲ್ಭಾಗದಲ್ಲಿ, ಒಂದು ಕಿರಿದಾದ ಸೀಳು ಇದೆ. ಅಪರಾಹ್ನದಲ್ಲಿ ಸುಮಾರು 20 ನಿಮಿಷ ಮಾತ್ರ ಸೂರ್ಯರಶ್ಮಿ ಅದರ ಮೂಲಕ ಇಳಿದು, ಗೋಡೆಯ ಒರಟು ಮೈಯನ್ನು ಸವರಿ ಮರೆಯಾಗುತ್ತದೆ. ಇಡೀ ದಿನ ಹರಿದುಬರುವ ಬೆಳಕಿಗಿಂತ ಈ ಅಲ್ಪಕಾಲದ ಬೆಳಕು ನೋಡುವವರ ಮನಸ್ಸನ್ನು ಹೆಚ್ಚು ತಡೆದು ನಿಲ್ಲಿಸುತ್ತದೆ.

ಎರಡನೆಯ ಮನೆ

ಇಷ್ಟು ಎಚ್ಚರದಿಂದ ಕಟ್ಟಿದ ಮನೆಯೂ ಕೊನೆಯವರೆಗೆ ಒದಗಲಿಲ್ಲ. ವಯಸ್ಸು ಏರಿದಂತೆ, ಕಡಲಿನಿಂದ ಪ್ರತಿಫಲಿಸುವ ಪ್ರಖರ ಬೆಳಕನ್ನು ಅವರ ಕಣ್ಣುಗಳು ಸಹಿಸದಾದವು. ಮನೆಯ ಕೀರ್ತಿ ಹರಡಿ, ನೋಡಲು ಬರುವವರಿಂದ ಏಕಾಂತಕ್ಕೂ ಭಂಗ ಬಂದಿತು. ಆಗ ದಂಪತಿಗಳು ಅದನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಒಳನಾಡಿನ ಕಲ್ಲುಗುಡ್ಡದ ಇಳಿಜಾರಿನಲ್ಲಿ ಇನ್ನೊಂದು ಮನೆಯನ್ನು ಕಟ್ಟಿಸಿಕೊಂಡು 1994ರಲ್ಲಿ ಅಲ್ಲಿಗೆ ಹೋದರು. ಅದರ ಹೆಸರು ‘ಕಾನ್ ಫೆಲಿಸ್’, ಸಂತೋಷದ ಮನೆ. ಕಲ್ಲು ಅದೇ ಮರೆಸ್. ಆದರೆ ಇಲ್ಲಿ ಕಟ್ಟಡಗಳು ಒತ್ತಾಗಿ ಸೇರಿವೆ, ಮೇಲೆ ಇಳಿಜಾರಾದ ಹೆಂಚಿನ ಸೂರು ಬಂದಿದೆ, ಕಡಲು ಹಸಿರಿನ ಆಚೆಗೆ ದೂರ ಸರಿದಿದೆ. ಮೊದಲ ಮನೆಯ ಯಶಸ್ಸನ್ನು ಅವರು ನಕಲು ಮಾಡಲಿಲ್ಲ. ಹೊಸ ನೆಲವನ್ನೂ ತಮ್ಮ ಮುಪ್ಪನ್ನೂ ಕೇಳಿ ಕಟ್ಟಿದರು. 2003ರಲ್ಲಿ ವಾಸ್ತುಶಿಲ್ಪದ ಶ್ರೇಷ್ಠ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಅವರಿಗೆ ಸಂದಿತು.

ನಮ್ಮ ಶರಣರು ಸ್ಥಾವರ ಜಂಗಮಗಳ ವಿವೇಕವನ್ನು ಬೋಧಿಸಿದರು. ಅದರ ಆಧ್ಯಾತ್ಮಿಕ ಅರ್ಥವನ್ನು ಕಲ್ಲುಗಾರೆಯ ಮಟ್ಟಕ್ಕೆ ಇಳಿಸುವುದು ಸಲ್ಲದು. ಆದರೂ ಮನೆ ನಿಂತಲ್ಲಿಯೇ ನಿಲ್ಲುತ್ತದೆ, ಮನುಷ್ಯ ಮುಂದೆ ಸಾಗುತ್ತಾನೆ ಎಂಬಷ್ಟನ್ನು ಈ ಎರಡು ಮನೆಗಳಿಂದ ತಿಳಿಯಬಹುದು. ಮನೆ ಕಟ್ಟಿಸಲು ಹೊರಟವರು ನಕ್ಷೆಗೆ ಮೊದಲು ಬಿಸಿಲಿನ ದಾರಿ, ಗಾಳಿಯ ದಿಕ್ಕು, ನೆಲದ ಇಳಿಜಾರು, ಹತ್ತಿರದ ಕಲ್ಲು, ಅದನ್ನು ಬಲ್ಲ ಕೈ ಇವುಗಳನ್ನು ವಿಚಾರಿಸಲಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಕಣ್ಣು ಕಾಲುಗಳನ್ನೂ ಕೇಳಲಿ. ಎಷ್ಟೇ ಸುಂದರವಾಗಿದ್ದರೂ ಇರುವವರಿಗೆ ಒದಗದ ಮನೆಯನ್ನು ಬಿಟ್ಟುಕೊಡುವ ಧೈರ್ಯವೂ ಕಟ್ಟುವ ಕಲೆಯ ಒಂದು ಅಂಗವೇ ಆಗಿದೆ.