ಮುದುಮಲೆಯ ಐವತ್ತು ಹೆಕ್ಟೇರ್

ಕಾಡಿನ ಮರವೊಂದು ಮೊಳೆತು, ಬಲಿತು, ಸಾಯುವುದಕ್ಕೆ ಶತಮಾನವೇ ಹಿಡಿಯಬಹುದಾದರೂ ಅದನ್ನು ಅಭ್ಯಸಿಸುವ ಯೋಜನೆಗಳಿಗೆ ಸಾಮಾನ್ಯವಾಗಿ ದೊರೆಯುವುದು ಮೂರರಿಂದ ಐದು ವರ್ಷಗಳ ಅನುದಾನ. ಈ ಕೊರತೆಯನ್ನು ನೀಗುವ ಮಹತ್ವದ ಪ್ರಯತ್ನವೊಂದು 1980ರ ದಶಕದ ಆರಂಭದಲ್ಲಿ ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ ನಡೆಯಿತು. ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ ಅಲ್ಲಿನ ಮಳೆಕಾಡಿನ 50 ಹೆಕ್ಟೇರ್ ಪ್ರದೇಶವನ್ನು ಶಾಶ್ವತ ತಾಕಾಗಿ, ಅಂದರೆ ಮತ್ತೆ ಮತ್ತೆ ಗಣತಿಗೆ ಒಳಪಡುವ ನೆಲವಾಗಿ ಗುರುತಿಸಿ, ಎದೆಮಟ್ಟದಲ್ಲಿ ಕನಿಷ್ಠ ಒಂದು ಸೆಂಟಿಮೀಟರ್ ವ್ಯಾಸವಿದ್ದ ಪ್ರತಿಯೊಂದು ಕಾಂಡವನ್ನೂ ಅಳೆದು ನಕ್ಷೆಗಿಳಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಮಾಧವ ಗಾಡ್ಗೀಳ್ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರವು ಇದೇ ಕ್ರಮವನ್ನು ಭಾರತಕ್ಕೆ ತಂದಿತು. ಆನೆಗಳ ಅಧ್ಯಯನಕ್ಕೆ ಹೆಸರಾದ ಆರ್. ಸುಕುಮಾರ್ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ, ಬಂಡೀಪುರಕ್ಕೆ ಹೊಂದಿಕೊಂಡಿರುವ ತಮಿಳುನಾಡಿನ ಮುದುಮಲೆಯ ಎಲೆಯುದುರುವ ಕಾಡಿನಲ್ಲಿ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ತಾಕನ್ನು ಅಳೆದರು. ಮತ್ತಿ, ದಿಂಡಿಗ, ನಂದಿ, ತೇಗಗಳೇ ಪ್ರಧಾನವಾಗಿದ್ದ ಆ ನೆಲದಲ್ಲಿ ಸುಮಾರು 70 ಪ್ರಭೇದಗಳ 25,000ಕ್ಕೂ ಹೆಚ್ಚು ಕಾಂಡಗಳು ಲೆಕ್ಕಕ್ಕೆ ಸಿಕ್ಕಿದವು.

ಮುದುಮಲೆಯ ನಿಜವಾದ ವೈಶಿಷ್ಟ್ಯವಿರುವುದು ಮುಂದಿನ ನಿರ್ಧಾರದಲ್ಲಿ. ಪನಾಮಾದಲ್ಲಿ ಗಣತಿ ಐದು ವರ್ಷಕ್ಕೊಮ್ಮೆ ನಡೆಯುವ ಪದ್ಧತಿಯಾದರೆ, ಇಲ್ಲಿ ಕಾಂಡದ ಗಾತ್ರವನ್ನು ನಾಲ್ಕು ವರ್ಷಕ್ಕೊಮ್ಮೆ ಅಳೆದರೂ ಸತ್ತವುಗಳ ಮತ್ತು ಹೊಸದಾಗಿ ಸೇರಿದವುಗಳ ಲೆಕ್ಕವನ್ನು ಪ್ರತಿವರ್ಷ ತೆಗೆಯುವುದೆಂದು ನಿಶ್ಚಯಿಸಲಾಯಿತು. ಏಕೆಂದರೆ ಇದು ಬೇಸಿಗೆಯಲ್ಲಿ ಬೆಂಕಿ ಬೀಳುವ, ಆನೆಗಳು ಮೇಯುವ, ಬರ ಬಂದುಹೋಗುವ ಕಾಡು. ಈ ಶ್ರಮದ ಫಲವನ್ನು ಬೆಂಡೆಯ ಕುಟುಂಬಕ್ಕೆ ಸೇರಿದ ಕಿಡಿಯಾ ಕ್ಯಾಲಿಸಿನಾ ಎಂಬ ಮರದ ವೃತ್ತಾಂತದಲ್ಲಿ ಸ್ಪಷ್ಟವಾಗಿ ಕಾಣಬಹುದು. ಮೊದಲ ಗಣತಿಯಲ್ಲಿ ಸಾವಿರಗಳ ಸಂಖ್ಯೆಯಲ್ಲಿದ್ದ ಈ ಮರ, ಆನೆಗಳು ಕೊಂಬೆ ಮುರಿದು ತೊಗಟೆ ಸುಲಿದು ತಿನ್ನುತ್ತಿದ್ದುದರಿಂದ ಮುಂದಿನ ವರ್ಷಗಳಲ್ಲಿ ತೀವ್ರವಾಗಿ ಕುಸಿಯಿತು. ಹತ್ತು ವರ್ಷ ಬಿಟ್ಟು ಒಮ್ಮೆ ನೋಡಿದ್ದರೆ ಮರಗಳು ಇಲ್ಲವಾದದ್ದಷ್ಟೇ ತಿಳಿಯುತ್ತಿತ್ತು. ಅದು ಬೆಂಕಿಯ ಕೆಲಸವೋ ಆನೆಯದೋ ಎಂದು ಬೇರ್ಪಡಿಸಲು ಆಧಾರವೇ ಉಳಿಯುತ್ತಿರಲಿಲ್ಲ. ಬೆಂಕಿ ಮುಖ್ಯವಾಗಿ ಸಣ್ಣ ಕಾಂಡಗಳನ್ನು ಬಲಿ ತೆಗೆದುಕೊಳ್ಳುತ್ತದೆಂಬ ಸಂಗತಿಯೂ ಇದೇ ದಾಖಲೆಗಳಿಂದ ದೃಢಪಟ್ಟಿತು.

ಪ್ರತಿವರ್ಷ ಅದೇ ಮರಗಳ ಬಳಿಗೆ ಹೋಗಿ ಸಂಖ್ಯೆ ಓದುವ ಈ ಕೆಲಸ ಹೊಸ ಸಂಶೋಧನೆಯಂತೆ ತೋರುವುದಿಲ್ಲವಾದ್ದರಿಂದ ಅನುದಾನ ನೀಡುವವರ ಗಮನವನ್ನು ಸುಲಭವಾಗಿ ಸೆಳೆಯುವುದಿಲ್ಲ. ಮಳೆಮಾಪನ ಕೇಂದ್ರಗಳ ವೆಚ್ಚವನ್ನು ಹೇಗೆ ಯಾರೂ ಮೂರು ವರ್ಷದ ಯೋಜನೆಯೆಂದು ಎಣಿಸುವುದಿಲ್ಲವೋ ಹಾಗೆಯೇ ಇಂಥ ತಾಕುಗಳ ವೆಚ್ಚವನ್ನೂ ಸರ್ಕಾರಗಳು ಕಾಯಂ ಬಾಬ್ತಾಗಿ ಪರಿಗಣಿಸಬೇಕು.