ಗೋದಾಮಿನ ಫೋಟೊ ನೋಡಿ ‘ಓಕೆ’ ಅನ್ನುವ ಮುನ್ನ

ಚೀನಾದ ಟಾವೊಬಾವೊ, 1688, ವೈಡಿಯನ್‌ನಂಥ ಆನ್‌ಲೈನ್ ಮಾರುಕಟ್ಟೆಗಳು ಮುಖ್ಯವಾಗಿ ಅಲ್ಲಿನ ಜನರಿಗಾಗಿಯೇ ಇರುವಂಥವು. ಭಾಷೆ ಚೀನಿ, ಮಾರಾಟಗಾರರು ಸಾಮಾನ್ಯವಾಗಿ ಕಳಿಸುವುದೂ ಚೀನಾದ ವಿಳಾಸಕ್ಕೆ. ಹೊರದೇಶದವರ ಪರವಾಗಿ ನಡುವೆ ನಿಂತು ಕೊಂಡುಕೊಡುವವರೇ ಶಾಪಿಂಗ್ ಏಜೆಂಟರು. ನೀವು ಲಿಂಕ್ ಕೊಡ್ತೀರಿ, ಅವರು ಕೊಳ್ತಾರೆ. ಸಾಮಾನು ಅವರ ಗೋದಾಮಿಗೆ ಬಂದ ಮೇಲೆ ಫೋಟೊ ತೆಗೆದು ಕಳಿಸ್ತಾರೆ. ನೀವು ಒಪ್ಪಿದರೆ ಪಾರ್ಸೆಲ್ ದೇಶ ದಾಟುತ್ತೆ. ಈ ಫೋಟೊಗೆ ‘ಕ್ಯೂಸಿ’ ಎಂದು ಹೆಸರು, ಅಂದರೆ ಗುಣಮಟ್ಟದ ತಪಾಸಣೆ. ನನ್ನ ತಕರಾರು ಇರುವುದು ಆ ಹೆಸರಿನ ಬಗ್ಗೆಯೇ.

ಭಾರತದಲ್ಲಿ ಈ ದಾರಿ ಸಲೀಸಾಗಿಲ್ಲ. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 43 ಆ್ಯಪ್‌ಗಳಲ್ಲಿ ಅಲಿಎಕ್ಸ್‌ಪ್ರೆಸ್, ಟಾವೊಬಾವೊ ಲೈವ್ ಕೂಡ ಇದ್ದವು. ಆದರೆ ಹೊರದೇಶಗಳಲ್ಲಿರುವ ನಮ್ಮ ಹುಡುಗರಿಗೆ ಇದು ದಿನದ ಮಾತು. ನ್ಯೂಜೆರ್ಸಿಯಲ್ಲಿ ಓದುತ್ತಿರುವ ಅಕ್ಕನ ಮಗ ಆಗಾಗ ವಾಟ್ಸ್ಆ್ಯಪ್‌ನಲ್ಲಿ ಇಂಥ ಫೋಟೊ ಕಳಿಸಿ, “ಮಾಮ, ಜಿಎಲ್ ಮಾಡ್ಲಾ, ಆರ್‌ಎಲ್ ಮಾಡ್ಲಾ?” ಅಂತ ಕೇಳ್ತಾನೆ. ಜಿಎಲ್ ಅಂದರೆ ಹಸಿರು ದೀಪ, ಆರ್‌ಎಲ್ ಅಂದರೆ ಕೆಂಪು ದೀಪ. ನನ್ನನ್ನೇ ಯಾಕೆ ಕೇಳ್ತಾನೆ ಅಂದರೆ, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ವರ್ಷಗಟ್ಟಲೆ ಚೆಕಿಂಗ್ ಟೇಬಲ್ ಮುಂದೆ ನಿಂತವನು ನಾನು.

ಫ್ಯಾಕ್ಟರಿಯಲ್ಲಿ ತಪಾಸಣೆಗೊಂದು ಲೆಕ್ಕ ಇರುತ್ತೆ. ಎಕ್ಯೂಎಲ್ 2.5 ಎಂಬ, ರಫ್ತು ಉಡುಪುಗಳಿಗೆ ಸಾಮಾನ್ಯವಾಗಿ ಬಳಸುವ ಮಾನದಂಡದ ಪ್ರಕಾರ 2,000 ಪೀಸಿನ ಲಾಟ್‌ನಿಂದ 125 ಪೀಸು ಎತ್ತಿ ನೋಡಬೇಕು. ದೋಷ ಏಳರವರೆಗೆ ಪಾಸು; ಎಂಟು ಸಿಕ್ಕರೆ ಇಡೀ ಲಾಟ್ ಫೇಲು. ಅಳತೆ ತೆಗೀತೀವಿ, ಒಳಗು ಹೊರಗು ಮಾಡಿ ಹೊಲಿಗೆ ನೋಡ್ತೀವಿ, ಜಿಪ್ ಎಳೀತೀವಿ, ಗುಂಡಿ ಜಗ್ಗುತೀವಿ. ಬಟ್ಟೆ ಕುಗ್ಗುತ್ತಾ, ಬಣ್ಣ ಬಿಡುತ್ತಾ ಎಂಬುದಕ್ಕೆ ಬೇರೆ ಪರೀಕ್ಷೆ ಇದೆ. ಫೇಲಾದರೆ ಉತ್ತರ ಕೊಡಬೇಕಾದವರು ಇರ್ತಾರೆ. ಗೋದಾಮಿನ ಫೋಟೊದಲ್ಲಿ ಇದ್ಯಾವುದೂ ಇಲ್ಲ. ಒಬ್ಬರು ಸಾಮಾನನ್ನು ಮೇಜಿನ ಮೇಲೆ ಹರಡಿ ಕ್ಲಿಕ್ಕಿಸಿದ್ದಾರೆ, ಅಷ್ಟೇ. ತಪಾಸಣೆ ಮಾಡಬೇಕಾದವರು ನೀವು, ಅದೂ ಮುಟ್ಟದೆ.

ಹಾಗಂತ ಫೋಟೊ ದಂಡ ಅಲ್ಲ. ಅದರಿಂದ ಏನು ತಿಳಿಯುತ್ತೆ, ಏನು ತಿಳಿಯಲ್ಲ ಅನ್ನೋದು ಗೊತ್ತಿರಬೇಕು.

ಮೊದಲು ಬಟ್ಟೆ. ಎಂ, ಎಲ್, ಎಕ್ಸ್‌ಎಲ್ ಅಕ್ಷರಗಳನ್ನು ಮರೆತುಬಿಡಿ. ಟೇಪು ಇಟ್ಟು ತೆಗೆದ ಫೋಟೊ ಕೇಳಿ: ಒಂದು ಕಂಕುಳಿಂದ ಇನ್ನೊಂದಕ್ಕೆ ಎದೆಯ ಅಗಲ, ಭುಜದಿಂದ ಕೆಳಗಿನ ಅಂಚಿಗೆ ಉದ್ದ, ತೋಳು. ನಿಮಗೆ ಸರಿಯಾಗಿ ಕೂರುವ ಒಂದು ಅಂಗಿಯನ್ನು ಮನೆಯಲ್ಲಿ ಹರಡಿ ಅದೇ ಜಾಗಗಳಲ್ಲಿ ಅಳೆದು ಹೋಲಿಸಿ. ಚೀನಾದ ಲೇಬಲ್‌ನಲ್ಲಿ 170/88ಎ ಎಂದಿದ್ದರೆ 170 ಸೆಂ.ಮೀ. ಎತ್ತರ, 88 ಸೆಂ.ಮೀ. ಎದೆಸುತ್ತಳತೆಯ ವ್ಯಕ್ತಿಗೆ ಹೊಲಿದದ್ದು ಎಂದರ್ಥ. ಅದು ಬಟ್ಟೆಯ ಅಳತೆ ಅಲ್ಲ, ಮೈಯ ಅಳತೆ. ಹತ್ತಿಯ ಟೀ ಶರ್ಟ್ ಶೇ 5ರಷ್ಟು ಕುಗ್ಗಿದರೂ 70 ಸೆಂ.ಮೀ. ಉದ್ದ ಮೂರೂವರೆ ಸೆಂ.ಮೀ. ಕಡಿಮೆಯಾಗುತ್ತೆ. ಅಷ್ಟು ಜಾಗ ಬಿಟ್ಟುಕೊಳ್ಳಿ.

ಫೋಟೊಗಿಂತ ನಂಬಬಹುದಾದದ್ದು ತೂಕ. ಗೋದಾಮಿನಲ್ಲಿ ಸಾಮಾನನ್ನು ತೂಗಿ ಗ್ರಾಂ ಲೆಕ್ಕ ಬರೀತಾರೆ. ಒಂದು ಸಾಧಾರಣ ಟೀ ಶರ್ಟ್‌ಗೆ ಹೆಚ್ಚುಕಡಿಮೆ ಒಂದು ಚದರ ಮೀಟರ್ ಬಟ್ಟೆ ಬೇಕು. ಹಾಗಾಗಿ 240 ಜಿಎಸ್‌ಎಂ ದಪ್ಪ ಬಟ್ಟೆ ಎಂದು ಮಾರಿದ ಶರ್ಟ್ 150 ಗ್ರಾಂ ತೂಗಿದರೆ ಮಾತಿಗೂ ಮಾಲಿಗೂ ತಾಳೆ ಇಲ್ಲ. ಲೈಟ್ ಹಾಕಿ ಬಟ್ಟೆಯ ಬಣ್ಣ ಬದಲಿಸಿ ತೋರಿಸಬಹುದು, ತಕ್ಕಡಿಗೆ ಲೈಟ್ ಹಾಕಕ್ಕಾಗಲ್ಲ.

ಇನ್ನು ಶೂ. ಎರಡನ್ನೂ ಅಕ್ಕಪಕ್ಕ ಇಟ್ಟು ಮುಂದಿನಿಂದ, ಹಿಂದಿನಿಂದ, ಮೇಲಿಂದ ತೆಗೆಸಿ. ಹಿಮ್ಮಡಿ ನೆಟ್ಟಗಿದೆಯಾ, ಮುಂಭಾಗದ ಎತ್ತರ ಎರಡರಲ್ಲೂ ಒಂದೇನಾ, ಒಳಗಿನ ಸೈಜ್ ಚೀಟಿ ಎರಡಕ್ಕೂ ಹೊಂದುತ್ತಾ ನೋಡಿ. ಇನ್‌ಸೋಲ್ ಹೊರತೆಗೆದು ಸ್ಕೇಲ್ ಪಕ್ಕ ಇಟ್ಟ ಫೋಟೊ ಕೇಳಿ. ಚೀನಾದ ಸೈಜ್ 255 ಅಂದರೆ 255 ಮಿ.ಮೀ. ಉದ್ದದ ಪಾದಕ್ಕೆ. ಸೋಲ್ ಅಂಚಿನಲ್ಲಿ ಒಂಚೂರು ಅಂಟು ಕಂಡರೆ ಅದು ನೋಟದ ದೋಷ. ಸೋಲಿಗೂ ಮೇಲ್ಭಾಗಕ್ಕೂ ನಡುವೆ ಸಂದು ಕಂಡರೆ ಅದು ನಿಜವಾದ ದೋಷ. ವಾಪಸ್ ಮಾಡಬೇಕಾದ್ದು ಎರಡನೆಯದನ್ನು.

ಫೋಟೊದಲ್ಲಿ ಕಾಣದ್ದು ಇನ್ನೂ ದೊಡ್ಡದು. ಅಂಟು ಎಷ್ಟು ದಿನ ಹಿಡಿಯುತ್ತೆ? ಬಣ್ಣ ಬೆವರಿಗೆ ಬಿಡುತ್ತಾ? ಪಾಲಿಯುರೆಥೇನ್ ಸೋಲ್ ತೇವದ ಗಾಳಿಗೆ, ಹಾಕದೆ ಇಟ್ಟರೂ, ಕಾಲಕ್ರಮೇಣ ಪುಡಿಯಾಗಬಹುದು. ಹೊಸದರಲ್ಲಿ ಅದರ ಸುಳಿವೇ ಸಿಗಲ್ಲ. ಬಟ್ಟೆಯಲ್ಲಿರುವ ಫಾರ್ಮಾಲ್ಡಿಹೈಡ್ ಕೂಡ ಕಣ್ಣಿಗೆ ಕಾಣಲ್ಲ. ಚೀನಾದ್ದೇ ಆದ ಜಿಬಿ 18401 ಮಾನದಂಡದಲ್ಲಿ ಅದಕ್ಕೆ ಮಿತಿ ಇದೆ: ಶಿಶುಗಳ ಬಟ್ಟೆಗೆ ಕಿಲೋಗೆ 20 ಮಿಲಿಗ್ರಾಂ, ಚರ್ಮಕ್ಕೆ ತಾಗುವ ಬಟ್ಟೆಗೆ 75, ಮೇಲೆ ಹಾಕುವ ಬಟ್ಟೆಗೆ 300. ಇವು ಕ್ರಮವಾಗಿ ಎ, ಬಿ, ಸಿ ದರ್ಜೆ. ಆದ್ದರಿಂದ ಲೇಬಲ್‌ನ ಹತ್ತಿರದ ಫೋಟೊ ತರಿಸಿ, ದರ್ಜೆ ಮತ್ತು ನೂಲಿನ ವಿವರ ಓದಿ. ಲೇಬಲ್ ಸುಳ್ಳೂ ಹೇಳಬಹುದು. ಆದರೆ ಲೇಬಲ್ಲೇ ಇಲ್ಲದ ಮಗುವಿನ ಬಟ್ಟೆಯನ್ನು ನಾನಂತೂ ಓಕೆ ಮಾಡಲ್ಲ.

ಇದೆಲ್ಲ ಗೋದಾಮಿನಲ್ಲೇ ಮುಗಿಯಬೇಕು. ಚೀನಾದ ಗ್ರಾಹಕ ಕಾನೂನಿನಲ್ಲಿ 2014ರ ಮಾರ್ಚ್ 15ರಿಂದ, ಆನ್‌ಲೈನ್‌ನಲ್ಲಿ ಕೊಂಡ ಬಹುತೇಕ ವಸ್ತುಗಳನ್ನು ಏಳು ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕಿದೆ. ಸಾಮಾನು ಗೋದಾಮು ತಲುಪಿದ ಮರುದಿನದಿಂದಲೇ ಆ ಎಣಿಕೆ ಶುರು, ಹಾಗಾಗಿ ಏಜೆಂಟರು ನಿಮಗೆ ಕೊಡುವ ಗಡುವು ಇನ್ನೂ ಕಡಿಮೆ ಇರಬಹುದು. ವಿಮಾನ ಹತ್ತಿದ ಮೇಲೆ ವಾಪಸ್ ಕಳಿಸುವ ಖರ್ಚೇ ಮಾಲಿನ ಬೆಲೆ ಮೀರಬಹುದು. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿ ಚೀನಾದ ಸರಕಿಗೆ 2025ರ ಮೇ 2ರಂದು ನಿಂತಿದೆ. ಕೆಟ್ಟ ಶೂಗೂ ಈಗ ಸುಂಕ ಕಟ್ಟಬೇಕು.

ಕೊನೆಯದಾಗಿ, ನಕಲಿ ಬ್ರ್ಯಾಂಡ್‌ಗಳ ಮಾತು. ಏಜೆಂಟರ ಮೂಲಕ ಹೋಗುವ ಮಾಲಿನಲ್ಲಿ ಇವೂ ಇವೆ. ಫುಜಿಯಾನ್ ಪ್ರಾಂತ್ಯದ ಪುಟಿಯನ್ ನಗರ ಅಸಲಿ ಶೂ ತಯಾರಿಕೆಯಷ್ಟೇ ನಕಲಿಗೂ ಹೆಸರುವಾಸಿ. 2024ರಲ್ಲಿ ಚೀನಾದ ಪೊಲೀಸರು ಪಾಂಡಾಬೈ ಎಂಬ ಏಜೆಂಟ್ ಕಂಪನಿಯ ಗೋದಾಮುಗಳ ಮೇಲೆ ದಾಳಿ ನಡೆಸಿದ್ದರು. ನಕಲಿ ಶೂ ಕೊಳ್ಳುವವರು ಲೋಗೊ ಒಂದು ಮಿ.ಮೀ. ಆಚೀಚೆ ಇದೆಯಾ ಎಂದು ಗಂಟೆಗಟ್ಟಲೆ ನೋಡ್ತಾರೆ. ಅದು ಹೋಲಿಕೆಯ ಪರೀಕ್ಷೆ, ಗುಣಮಟ್ಟದ್ದಲ್ಲ. ಲೋಗೊ ತದ್ರೂಪ ಇದ್ದ ಮಾತ್ರಕ್ಕೆ ಸೋಲ್ ಕಿತ್ತು ಬರಲ್ಲ ಅಂತೇನಿಲ್ಲ. ಕಿತ್ತು ಬಂದರೆ ದೂರು ಕೊಡೋದು ಯಾರಿಗೆ? ಬ್ರ್ಯಾಂಡ್ ಅದು ತನ್ನದಲ್ಲ ಅನ್ನುತ್ತೆ, ಏಜೆಂಟ್ ನೀವೇ ಓಕೆ ಮಾಡಿದ್ರಿ ಅನ್ನುತ್ತಾನೆ. ಆ ಹಸಿರು ದೀಪದ ಅರ್ಥ ಇಷ್ಟೇ: ಮುಂದಿನದ್ದಕ್ಕೆಲ್ಲ ಜವಾಬ್ದಾರಿ ನಿಮ್ಮದು. ಹಾಗಾಗಿ ಅಳತೆ, ತೂಕ, ಲೇಬಲ್ ಮೂರೂ ತಾಳೆಯಾಗದಿದ್ದರೆ ಕೆಂಪು ದೀಪ ಒತ್ತಲು ಸಂಕೋಚ ಬೇಡ.