ಹಳೆಯ ಟ್ರಕ್ಕಿನ ಕೂಲಂಟ್ ಜೋಡಿಕೆ ಒಡೆದಾಗ

ಹಿಂಗಾರಿ ಸುಗ್ಗಿ ಮುಗಿಯುತ್ತ ಬಂದಂತೆ ಕುಂದಗೋಳದ ಮೆಣಸಿನಕಾಯಿ, ನವಲಗುಂದ, ಅಣ್ಣಿಗೇರಿಗಳ ಕಡಲೆ ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯತ್ತ ಸಾಗತೊಡಗುತ್ತವೆ. ಈ ಸಾಗಾಟಕ್ಕೆ ಹಲವು ರೈತರು ಹದಿನೈದು-ಇಪ್ಪತ್ತು ವರ್ಷ ದುಡಿದ ಟ್ರಕ್ಕುಗಳನ್ನೇ ನೆಚ್ಚಿರುತ್ತಾರೆ. ನನಗೆ ಪರಿಚಿತರಾದ ಕುಂದಗೋಳ ಕಡೆಯ ರೈತರೊಬ್ಬರ ಇಂಥ ಟ್ರಕ್ಕು ಮೆಣಸಿನಕಾಯಿ ಚೀಲ ಹೊತ್ತು ದಾರಿಯಲ್ಲಿಯೇ ನಿಂತಿತು. ರಬ್ಬರ್ ಪೈಪುಗಳನ್ನು ಕೂಡಿಸುವ ಪ್ಲಾಸ್ಟಿಕ್ ಜೋಡಿಕೆ ಒಡೆದಿತ್ತು. ಅವರು ಹೊಲದ ಪಿವಿಸಿ ಪೈಪಿನ ತುಂಡು ಸೇರಿಸಿ ಹೊರಟರು. ತುಸು ದೂರದಲ್ಲಿಯೇ ತುಂಡು ಮೆತ್ತಗಾಗಿ ಕಳಚಿತು. ನೀರೆಲ್ಲ ಸೋರಿ ಹೆಡ್ ಗ್ಯಾಸ್ಕೆಟ್ ಸುಟ್ಟಿತು. ಆ ದಿನದ ಟೆಂಡರೂ ತಪ್ಪಿತು.

ಒಡೆಯಲು ಕಾರಣವೇನು?

ಎಂಜಿನ್ನಿನ ಕೂಲಂಟ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಜೊತೆಗೆ ಒತ್ತಡವೂ ಇರುತ್ತದೆ. ಬಿಸಿ-ತಂಪಿನ ಬದಲಾವಣೆಯಿಂದಲೂ ಬಿಸಿನೀರಿನ ಸಂಪರ್ಕದಿಂದಲೂ ನೈಲಾನ್ ಜೋಡಿಕೆ ವರ್ಷ ಕಳೆದಂತೆ ಪೆಡಸಾಗಿ ಸೀಳುತ್ತದೆ. ಪಿವಿಸಿಯಂತೂ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. ಆದುದರಿಂದ ನೀರಾವರಿಯ ಜೋಡಿಕೆ ಇಲ್ಲಿ ಸಲ್ಲದು. ಅಳತೆಗೆ ಸರಿಹೊಂದುವ ಕಂಪನಿಯ ಜೋಡಿಕೆ ಅಥವಾ ತುದಿಯಲ್ಲಿ ಉಬ್ಬು ಅಂಚಿರುವ ಹಿತ್ತಾಳೆಯ ಜೋಡಿಕೆ ಲೇಸು. ಸತು ಲೇಪಿಸಿದ ಕಬ್ಬಿಣದ ಪೈಪೂ ಬೇಡ; ಕೂಲಂಟ್ ಆ ಸತುವನ್ನು ತಿನ್ನುತ್ತದೆ.

ಬದಲಿಸುವ ಕ್ರಮ

1. ಎಂಜಿನ್ ಪೂರ್ತಿ ಆರುವವರೆಗೆ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ಬಿಸಿ ನೀರು ಚಿಮ್ಮಿ ಮುಖ ಬೇಯುವುದುಂಟು.

2. ಕೆಳಗಿನ ನಲ್ಲಿಯಿಂದ ಕೂಲಂಟನ್ನು ಬಕೀಟಿಗೆ ಇಳಿಸಿರಿ. ಅದು ಸಿಹಿಯಾದ ವಿಷ. ದನ, ನಾಯಿ, ಮಕ್ಕಳಿಗೆ ನಿಲುಕದಂತೆ ಇಡಬೇಕು.

3. ಕ್ಲಿಪ್ ಸಡಿಲಿಸಿ ಪೈಪನ್ನು ತಿರುವಿ ಬಿಡಿಸಿರಿ. ಬಿಡದಿದ್ದರೆ, ಬದಲಿಸಲಿರುವ ಪೈಪನ್ನು ಉದ್ದಕ್ಕೆ ಸೀಳಿರಿ. ಜೋಡಿಕೆಯ ಚೂರುಗಳನ್ನು ಒಂದೂ ಬಿಡದೆ ಆರಿಸಿ ತೆಗೆಯಬೇಕು; ಒಳಗುಳಿದರೆ ಅವು ದಾರಿ ಕಟ್ಟುತ್ತವೆ.

4. ಹೊಸ ಜೋಡಿಕೆಗೆ ನೀರು ಸವರಿ ಪೈಪು ಏರಿಸಿರಿ. ಎಣ್ಣೆ, ಗ್ರೀಸು ಬೇಡ. ಅವು ರಬ್ಬರನ್ನು ಉಬ್ಬಿಸುತ್ತವೆ. ಕ್ಲಿಪ್ ಉಬ್ಬು ಅಂಚಿನ ಹಿಂದೆ ಕೂಡಬೇಕು, ಅತಿಯಾಗಿ ಬಿಗಿಯಬಾರದು.

5. ಕೂಲಂಟನ್ನು ನಿಧಾನವಾಗಿ ತುಂಬಿರಿ. ಮುಚ್ಚಳ ತೆರೆದಿಟ್ಟೇ ಎಂಜಿನ್ ಮೆಲ್ಲಗೆ ನಡೆಸಿ ಗಾಳಿಯ ಗುಳ್ಳೆ ಹೊರಬಿಡಬೇಕು. ಗುಳ್ಳೆ ನಿಂತ ಮೇಲೆ ಮಟ್ಟ ನೋಡಿ ಮುಚ್ಚಿರಿ. ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕ್ಲಿಪ್ಪನ್ನೂ ಮಟ್ಟವನ್ನೂ ಮತ್ತೊಮ್ಮೆ ಪರೀಕ್ಷಿಸಿರಿ.

ನೀರಿನ ವಿಚಾರ

ನವಲಗುಂದ ಭಾಗದ ಸವಳು ನೀರು ಬೆಳೆಗೆ ಹೇಗೋ ರೇಡಿಯೇಟರಿಗೂ ಹಾಗೆಯೇ. ಅದರ ಲವಣ ಒಳಗೆ ಪದರುಗಟ್ಟಿ ಬಿಸಿ ಹೊರಹೋಗದಂತೆ ಮಾಡುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರಿನೊಡನೆ ಕೂಲಂಟನ್ನು ಡಬ್ಬಿಯ ಸೂಚನೆಯಂತೆ ಬೆರೆಸುವುದು ಉತ್ತಮ.

ಸುಗ್ಗಿಗೆ ಮುಂಚೆಯೇ ನೋಡಿರಿ

ಜೋಡಿಕೆಯ ಸುತ್ತ ಬಿಳಿ ಅಥವಾ ಹಸಿರು ಕಲೆ, ಸಿಹಿ ವಾಸನೆ, ದಿನೇ ದಿನೇ ಇಳಿಯುವ ಮಟ್ಟ, ಇವು ಸೋರಿಕೆಯ ಗುರುತುಗಳು. ಒಂದು ಜೋಡಿಕೆ ಒಡೆದರೆ ಉಳಿದವಕ್ಕೂ ಅಷ್ಟೇ ವಯಸ್ಸಾಗಿದೆಯೆಂದು ತಿಳಿದು ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ಲಾಭ. ದಾರಿಯಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಎಂಜಿನ್ ಕೂಡಲೇ ನಿಲ್ಲಿಸಿ ಆರಗೊಡಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಒಂದು ಜೋಡಿಕೆ, ಎರಡು ಕ್ಲಿಪ್, ಒಂದು ತಿರುಪುಳಿ, 5 ಲೀಟರ್ ಶುದ್ಧ ನೀರು ಟ್ರಕ್ಕಿನಲ್ಲಿ ಸದಾ ಇರಲಿ. ವರ್ಷವಿಡೀ ದುಡಿದು ಬೆಳೆದ ಮಾಲು ದಾರಿಯಲ್ಲಿ ನಿಲ್ಲದೆ ಹೊತ್ತಿಗೆ ಮಾರುಕಟ್ಟೆ ಸೇರಲು ಇಷ್ಟು ಎಚ್ಚರ ಸಾಕು.